ಕೊಡಗಿನ ಜಗಲಿಗೆ ಮ್ಯಾಕ್ರಮೆ ಹ್ಯಾಂಗರ್: ಯಾವ ದಾರ, ಎಷ್ಟು ಉದ್ದ, ಮಳೆಗೆ ಕೊಳೆಯಲ್ವಾ?

ನೀವು ಮಡಿಕೇರಿಗೆ ಹೊಸದಾಗಿ ಬಂದಿದ್ದೀರಿ. ಜಗಲಿಯಲ್ಲಿ ಎರಡು ಹೂಕುಂಡ ತೂಗುಹಾಕಬೇಕು, ಅದಕ್ಕೆ ಮ್ಯಾಕ್ರಮೆ ಹ್ಯಾಂಗರ್, ಅಂದರೆ ದಾರಕ್ಕೆ ಗಂಟು ಹಾಕುತ್ತಾ ಮಾಡುವ ತೂಗುಬಲೆ, ಕೈಯಾರೆ ಹೆಣೆಯಬೇಕು ಅಂತ ಆಸೆ. ಯಾವ ದಾರ, ಎಷ್ಟು ಉದ್ದ, ಯಾವ ಗಂಟು, ಇಲ್ಲಿನ ಮಳೆಗೆ ಕೊಳೆತು ಹೋಗಲ್ವಾ ಅಂತ ಕೇಳಿದ್ದೀರಿ. ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಕೊಡಗಿನಲ್ಲಿ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಉಳಿದ ಮೂರಕ್ಕೂ ಉತ್ತರ ತಾನಾಗಿ ಸಿಗುತ್ತದೆ.

ನಾನು ವಿರಾಜಪೇಟೆ ಕಡೆಯವಳು. ಹಲವು ವರ್ಷಗಳಿಂದ ಮನೆಗೆ, ನೆಂಟರಿಗೆ, ಗೃಹಪ್ರವೇಶದ ಉಡುಗೊರೆಗೆ ಅಂತ ಇವನ್ನು ಹೆಣೆಯುತ್ತಿದ್ದೇನೆ. ವಿಡಿಯೋಗಳಲ್ಲಿ ಕಾಣುವುದು ಹೆಚ್ಚಾಗಿ ಒಣ ಊರಿನ ಹ್ಯಾಂಗರ್. ಬಿಳಿ ಹತ್ತಿ ದಾರ, ಕೆಳಗೆ ಮೊಳದುದ್ದ ಕುಚ್ಚು. ಮನೆಯೊಳಗೆ, ಬಿಸಿಲು ಬೀಳುವ ಕಿಟಕಿ ಹತ್ತಿರ ಅದು ಚೆನ್ನಾಗಿಯೇ ಇರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು ಜಗಲಿಯೊಳಗೇ ಬಂದು ಕೂರುತ್ತದೆ. ದಾರಕ್ಕೆ ಒಂದು ಹನಿ ಮಳೆ ಬೀಳದಿದ್ದರೂ ಗಾಳಿಯ ತೇವವೇ ಸಾಕು, ಬೂಷ್ಟು ಹಿಡಿಯುತ್ತದೆ.

ಹತ್ತಿ ನೆನೆದ ತಕ್ಷಣ ಕಿತ್ತುಹೋಗುತ್ತದೆ ಅಂತ ಹೆದರಬೇಕಾಗಿಲ್ಲ. ಹತ್ತಿಯ ನಾರು ಒಣಗಿದ್ದಾಗಿಗಿಂತ ಒದ್ದೆಯಾದಾಗ ಗಟ್ಟಿ. ತೊಂದರೆ ಬರುವುದು ಅದು ತಿಂಗಳುಗಟ್ಟಲೆ ಒಣಗದೆ ಇದ್ದಾಗ. ಬೂಷ್ಟು ನಾರನ್ನೇ ತಿನ್ನುತ್ತದೆ. ಮೊದಲು ಕಪ್ಪು ಚುಕ್ಕೆ, ಆಮೇಲೆ ಮುಗ್ಗಲು ವಾಸನೆ, ಆಮೇಲೆ ದಾರ ಮೆತ್ತಗಾಗುತ್ತದೆ. ಸೆಣಬು ಇನ್ನೂ ಕಷ್ಟ. ಅದು ನೀರು ಹೀರಿ ಬಲ ಕಳೆದುಕೊಳ್ಳುತ್ತದೆ, ಹತ್ತಿಗಿಂತ ಬೇಗ ಕೊಳೆಯುತ್ತದೆ. ಅದರ ಬಣ್ಣ ನನಗೂ ಇಷ್ಟ. ಆದರೆ ಮಳೆಗಾಲದ ಜಗಲಿಗೆ ಸೆಣಬಿನ ಹ್ಯಾಂಗರನ್ನು ನಾನು ಯಾರಿಗೂ ಹೇಳುವುದಿಲ್ಲ.

ಹಾಗಾಗಿ ಜಗಲಿಗೆ ಪಾಲಿಯೆಸ್ಟರ್ ದಾರ ತೆಗೆದುಕೊಳ್ಳಿ. ಹೆಣೆದ ದಾರ, 4 ಮಿ.ಮೀ. ದಪ್ಪ. ನೀರು ಹೀರುವುದಿಲ್ಲ, ಬಿಸಿಲಿಗೂ ತಡೆಯುತ್ತದೆ. ಈಗ ಹತ್ತಿಯಂತೆ ಮಂಕು ಬಣ್ಣದ್ದೂ ಸಿಗುತ್ತದೆ. ದೂರದಿಂದ ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ. ತೋಟದ ಕೆಲಸಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ಹಗ್ಗ ಬೇಡ. ಅದೂ ನೀರು ಹೀರುವುದಿಲ್ಲ ನಿಜ. ಆದರೆ ಬೇಸಿಗೆಯ ಬಿಸಿಲಿಗೆ ಪುಡಿಪುಡಿಯಾಗಿ ಉದುರುತ್ತದೆ, ಗಂಟೂ ಜಾರುತ್ತದೆ. ನೈಲಾನ್ ಒದ್ದೆಯಾದರೆ ಹಿಗ್ಗುತ್ತದೆ. ಕುಂಡ ದಿನದಿಂದ ದಿನಕ್ಕೆ ಕೆಳಗಿಳಿಯುತ್ತಾ ಬರುವುದು ಅದಕ್ಕೇ.

ಹತ್ತಿಯೇ ಬೇಕು ಅಂದರೆ ಅದಕ್ಕೂ ದಾರಿ ಇದೆ. ತುಲಾ ಸಂಕ್ರಮಣ ಕಳೆದು ಮಳೆ ಹಿಂದೆ ಸರಿದ ಮೇಲೆ ಹೊರಗೆ ತೂಗುಹಾಕಿ, ಮೇ ಕೊನೆಗೆ ಒಳಗೆ ತನ್ನಿ. ತೆಗೆದಿಡುವ ಮುಂಚೆ ಸೋಪಿನ ನೀರಿನಲ್ಲಿ ತೊಳೆದು, ಎರಡು ಮೂರು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ. ಕಕ್ಕಡ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ತೊಳೆದರೆ ಒಣಗಿಸುವುದಕ್ಕೆ ಬಿಸಿಲೇ ಸಿಗುವುದಿಲ್ಲ. ಕುಶಾಲನಗರದ ಕಡೆ ಮಳೆ ಕಡಿಮೆ. ಅಲ್ಲಿನವರಿಗೆ ಇಷ್ಟು ಜಾಗ್ರತೆ ಬೇಕಾಗುವುದಿಲ್ಲ.

ಇನ್ನು ವಿನ್ಯಾಸ. ಮ್ಯಾಕ್ರಮೆ ಅಂದ ತಕ್ಷಣ ಹೊರಗಿನಿಂದ ಬಂದ ಫ್ಯಾಷನ್ ಅನ್ನಿಸಬಹುದು. ಆದರೆ ಹಳೇ ಅಡುಗೆಮನೆಗಳಲ್ಲಿ ಹಾಲು, ಮೊಸರು, ಬೆಣ್ಣೆಯ ಗಡಿಗೆಗಳನ್ನು ಬೆಕ್ಕಿಗೂ ಇರುವೆಗೂ ಸಿಗದಂತೆ ನೆಲುವಿನಲ್ಲಿ ತೂಗುಹಾಕುತ್ತಿದ್ದರಲ್ಲ, ಕೃಷ್ಣ ಬೆಣ್ಣೆ ಕದಿಯುವ ಚಿತ್ರಗಳಲ್ಲಿ ಕಾಣುವಂಥದ್ದು, ಈ ಹ್ಯಾಂಗರ್ ಮಾಡುವುದೂ ಅದೇ ಕೆಲಸವನ್ನೇ. ನಾನು ಹೊಸ ಹ್ಯಾಂಗರ್ ಶುರು ಮಾಡುವಾಗಲೆಲ್ಲ ನೆಲುವನ್ನೇ ನೆನೆಯುತ್ತೇನೆ. ಅದನ್ನು ಮಾಡಿದವರು ಮೊದಲು ನೋಡುತ್ತಿದ್ದದ್ದು ಭಾರ. ತುಂಬಿದ ಗಡಿಗೆ ಬೀಳಬಾರದು, ಅಷ್ಟೇ. ಅಲಂಕಾರ ಆಮೇಲೆ. ನೀವೂ ಹಾಗೆಯೇ ಯೋಚಿಸಿ. 6 ಇಂಚಿನ ಮಣ್ಣಿನ ಕುಂಡಕ್ಕೆ ಮಣ್ಣು ತುಂಬಿ ನೀರು ಹಾಕಿದರೆ 3 ಕೆಜಿ ಮೀರುತ್ತದೆ. ತೆಂಗಿನ ನಾರಿನ ಪುಡಿ ಹಗುರ ಅಂತ ಹೇಳುತ್ತಾರೆ. ಒಣಗಿದ್ದಾಗ ಮಾತ್ರ ಹಗುರ. ನೀರು ಕುಡಿದ ಮೇಲೆ ಎತ್ತಿ ನೋಡಿ.

ಉದ್ದದ ಲೆಕ್ಕ ಹೇಳುತ್ತೇನೆ. ತೂಗುಹಾಕುವ ಮೇಲಿನ ಸ್ಟೀಲ್ ಬಳೆಯಿಂದ ಕುಂಡದ ತಳದವರೆಗೆ ಸುಮಾರು 90 ಸೆಂ.ಮೀ. ಇರುವ ಹ್ಯಾಂಗರಿಗೆ 5 ಮೀಟರಿನ ನಾಲ್ಕು ದಾರ, 3 ಮೀಟರಿನ ನಾಲ್ಕು ದಾರ ಬೇಕು. ಒಟ್ಟು 32 ಮೀಟರ್. ಎರಡು ಹ್ಯಾಂಗರಿಗೆ 70 ಮೀಟರ್ ತಂದರೆ ಸುತ್ತುವ ದಾರವೂ ಸೇರಿ ಸಾಕಾಗುತ್ತದೆ. ಎಲ್ಲವನ್ನೂ ಒಂದೇ ಉದ್ದಕ್ಕೆ ಯಾಕೆ ಕತ್ತರಿಸಬಾರದು ಅಂದರೆ, ಗಂಟು ಹಾಕುವ ದಾರ ಗಂಟಿನ ಉದ್ದದ ನಾಲ್ಕೈದು ಪಟ್ಟು ಖರ್ಚಾಗುತ್ತದೆ. ಒಳಗಿರುವ ದಾರ ಖರ್ಚಾಗುವುದೇ ಇಲ್ಲ. ಒಂದೇ ಉದ್ದ ಇಟ್ಟರೆ ಒಂದು ಕಡೆ ದಾರ ಸಾಲದೆ ಹೋಗುತ್ತದೆ, ಇನ್ನೊಂದು ಕಡೆ ಸುಮ್ನೆ ಉಳಿಯುತ್ತದೆ. ಟೇಪ್ ಇಲ್ಲದಿದ್ದರೆ ಮಾರಿನಲ್ಲಿ ಅಳೆಯಿರಿ. ಎರಡೂ ಕೈ ಚಾಚಿದರೆ ಒಂದು ಮಾರು. ಮೂರು ಮಾರು ಹತ್ತಿರ ಹತ್ತಿರ 5 ಮೀಟರ್. ಎಂಟು ದಾರವನ್ನೂ ಒಬ್ಬರೇ ಅಳೆಯಬೇಕು, ಆಗ ಉದ್ದ ಹೆಚ್ಚುಕಡಿಮೆ ಆಗುವುದಿಲ್ಲ.

ಎಂಟು ದಾರವನ್ನೂ ಒಂದು ಸ್ಟೀಲ್ ಬಳೆಯೊಳಗೆ ಹಾಕಿ ನಡುವಿಗೆ ಮಡಚಿ. ಈಗ ಹದಿನಾರು ಎಳೆ ಆಯಿತು. ಬಳೆಗೆ ತುಕ್ಕು ಹಿಡಿಯಬಾರದು, ಇಲ್ಲಿ ಅದನ್ನು ನೋಡಿಯೇ ತರಬೇಕು. ಬಳೆಯ ಕೆಳಗೆ ಎಲ್ಲ ಎಳೆಗಳನ್ನೂ ಸೇರಿಸಿ ಸುತ್ತುಗಂಟು ಹಾಕಬೇಕು. ಬೇರೆ ಒಂದು ಮೀಟರ್ ದಾರ ತೆಗೆದುಕೊಳ್ಳಿ. ಅದರ ಒಂದು ತುದಿಯನ್ನು ಮಡಚಿ, ಮಡಿಕೆ ಕೆಳಗೆ ಬರುವಂತೆ, ತುದಿ ಮೇಲೆ ಉಳಿಯುವಂತೆ ಎಳೆಗಳ ಮೇಲೆ ಇಡಿ. ಉಳಿದ ಉದ್ದವನ್ನು ಮೇಲಿನಿಂದ ಕೆಳಗೆ ಬಿಗಿಯಾಗಿ ಏಳೆಂಟು ಸುತ್ತು ಸುತ್ತಿ. ಕೊನೆಯನ್ನು ಕೆಳಗಿನ ಮಡಿಕೆಯೊಳಗೆ ತೂರಿಸಿ. ಮೇಲೆ ಉಳಿಸಿದ ತುದಿಯನ್ನು ಎಳೆಯಿರಿ. ಮಡಿಕೆ ಸುತ್ತುಗಳ ಒಳಗೆ ಹೋಗಿ ಕೂತರೆ ಎರಡೂ ತುದಿ ಕತ್ತರಿಸಿ. ಇದು ಬಿಚ್ಚುವ ಗಂಟಲ್ಲ.

ಈಗ ಬಳೆಯನ್ನು ಕಿಟಕಿಯ ಸರಳಿಗೆ ಕಟ್ಟಿ ಕುಳಿತುಕೊಳ್ಳಿ. ಹದಿನಾರು ಎಳೆಯನ್ನು ನಾಲ್ಕು ನಾಲ್ಕಾಗಿ ಪಾಲು ಮಾಡಿ. ಪ್ರತಿ ಪಾಲಿನಲ್ಲೂ ಒಂದು ಉದ್ದ ದಾರದ ಎರಡು ಎಳೆ ಅಂಚಿಗೆ, ಒಂದು ಗಿಡ್ಡ ದಾರದ ಎರಡು ಎಳೆ ನಡುವಿಗೆ. ಸುತ್ತುಗಂಟಿನಿಂದ 20 ಸೆಂ.ಮೀ. ಖಾಲಿ ಬಿಟ್ಟು ಗಂಟು ಶುರು ಮಾಡಿ.

ವಿಡಿಯೋಗಳಲ್ಲಿ ಸ್ಕ್ವೇರ್ ನಾಟ್ ಅನ್ನುವುದು ಈ ಗಂಟಿಗೇ. ನಡುವಿನ ಎರಡು ಎಳೆ ಅಲುಗಾಡಬಾರದು, ಭಾರ ಹೊರುವುದು ಅವೇ. ಎಡ ಅಂಚಿನ ಎಳೆಯನ್ನು ಅವುಗಳ ಮೇಲಿನಿಂದ ಬಲಕ್ಕೆ ತನ್ನಿ. ಬಲ ಅಂಚಿನ ಎಳೆ ಅದರ ಮೇಲೆ ಇರಲಿ. ಈ ಬಲದ ಎಳೆಯನ್ನು ನಡುವಿನ ಎರಡರ ಹಿಂದಿನಿಂದ ಎಡಕ್ಕೆ ಒಯ್ದು, ಎಡಗಡೆ ಆಗಿರುವ ಕುಣಿಕೆಯೊಳಗಿಂದ ಮುಂದಕ್ಕೆ ಎಳೆಯಿರಿ. ಬಿಗಿ ಮಾಡಿ. ಇದು ಅರ್ಧ. ಇದನ್ನೇ ಬಲಗಡೆಯಿಂದ ಶುರು ಮಾಡಿದರೆ ಇನ್ನರ್ಧ. ಎರಡೂ ಸೇರಿದರೆ ಒಂದು ಚಪ್ಪಟೆ ಗಂಟು. ಹೀಗೆ 30 ಸೆಂ.ಮೀ. ಹೆಣೆಯಿರಿ. ಮೊದಲ ಪಾಲಿನಲ್ಲಿ ಎಷ್ಟು ಗಂಟು ಆಯಿತು ಅಂತ ಎಣಿಸಿಟ್ಟುಕೊಂಡು ಉಳಿದ ಮೂರಕ್ಕೂ ಅಷ್ಟೇ ಹಾಕಿ. ನಾಲ್ಕರಲ್ಲಿ ಒಂದು ಗಿಡ್ಡವಾದರೆ ಕುಂಡ ಓರೆಯಾಗುತ್ತದೆ.

ಪ್ರತಿ ಸಲವೂ ಎಡಗಡೆಯಿಂದಲೇ ಅರ್ಧ ಗಂಟು ಹಾಕುತ್ತಾ ಹೋದರೆ ಹೆಣಿಗೆ ತಾನಾಗಿಯೇ ಸುರುಳಿ ಸುತ್ತಿಕೊಳ್ಳುತ್ತದೆ. ನನಗೆ ಚಪ್ಪಟೆಗಿಂತ ಇದೇ ಜಾಸ್ತಿ ಇಷ್ಟ. ಕಲಿಯುವವರಿಗೂ ಸುಲಭ, ಎಡ ಬಲ ನೆನಪಿಡಬೇಕಾಗಿಲ್ಲ. ಎರಡು ಹ್ಯಾಂಗರ್ ಮಾಡುತ್ತೀರಲ್ಲ, ಒಂದು ಚಪ್ಪಟೆ, ಒಂದು ಸುರುಳಿ ಮಾಡಿ ನೋಡಿ. ಪಕ್ಕಪಕ್ಕ ಇಟ್ಟಾಗ ಬಹಳ ಚೆನ್ನಾಗಿ ಕಾಣುತ್ತದೆ.

ಕುಂಡ ಕೂರುವ ಬಲೆಗೆ ಬರೋಣ. ಹೆಣಿಗೆ ಮುಗಿದ ಜಾಗದಿಂದ 12 ಸೆಂ.ಮೀ. ಕೆಳಗೆ, ಒಂದು ಪಾಲಿನ ಬಲಗಡೆಯ ಎರಡು ಎಳೆ, ಪಕ್ಕದ ಪಾಲಿನ ಎಡಗಡೆಯ ಎರಡು ಎಳೆ ಸೇರಿಸಿ ಒಂದು ಚಪ್ಪಟೆ ಗಂಟು. ಸುತ್ತಲೂ ಹೀಗೆ ನಾಲ್ಕು ಗಂಟು. ಅಲ್ಲಿಂದ 8 ಸೆಂ.ಮೀ. ಕೆಳಗೆ ಮತ್ತೆ ಜೋಡಿ ಬದಲಿಸಿ ನಾಲ್ಕು ಗಂಟು. ಬಲೆ ತಯಾರು. ಈ ಅಳತೆ 6 ಇಂಚಿನ ಕುಂಡಕ್ಕೆ. ಗಂಟು ಬಿಗಿ ಮಾಡುವ ಮುಂಚೆ ನಿಮ್ಮ ಕುಂಡವನ್ನೇ ಒಳಗಿಟ್ಟು ನೋಡಿಬಿಡಿ.

ಇಲ್ಲಿಯವರೆಗೆ ಎಲ್ಲರೂ ಮಾಡುವುದು ಒಂದೇ. ಇನ್ನು ಮುಂದಿನದು ಮಳೆ ಊರಿನವರಿಗೆ. ಸಾಮಾನ್ಯವಾಗಿ ಕೆಳಗೆ ಎಲ್ಲ ಎಳೆಗಳನ್ನೂ ಒಟ್ಟು ಮಾಡಿ ಇನ್ನೊಂದು ಸುತ್ತುಗಂಟು ಹಾಕಿ ಕುಚ್ಚು ಬಿಡುತ್ತಾರೆ. ಕುಂಡದ ತೂತು ಸರಿಯಾಗಿ ಆ ಗಂಟಿನ ಮೇಲೆಯೇ ಬರುತ್ತದೆ. ನೀರು ಹಾಕಿದಾಗಲೆಲ್ಲ ಹದಿನಾರು ಎಳೆಯ ಆ ಮುದ್ದೆ ನೆನೆಯುತ್ತದೆ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಒಣಗುವುದಿಲ್ಲ. ಮಣ್ಣೂ ಅದರಲ್ಲೇ ಸೇರಿಕೊಳ್ಳುತ್ತದೆ. ಹತ್ತಿ ಹ್ಯಾಂಗರ್ ಕೊಳೆಯುವುದು ಮೊದಲು ಅಲ್ಲಿಂದ, ಇಡೀ ಭಾರ ನಿಂತಿರುವುದೂ ಅಲ್ಲೇ. ಪಾಲಿಯೆಸ್ಟರ್ ಕೊಳೆಯದಿದ್ದರೂ ಆ ಗಂಟು ಪಾಚಿ ಕಟ್ಟಿ ಹಸಿರಾಗುತ್ತದೆ.

ಅದಕ್ಕೆ ನಾನು ಕೆಳಗೂ ಒಂದು ಬಳೆ ಹಾಕುತ್ತೇನೆ. ಸುಮಾರು 7 ಸೆಂ.ಮೀ. ಅಗಲದ ಸ್ಟೀಲ್ ಬಳೆ. ಕುಂಡದ ತಳಕ್ಕಿಂತ ಚಿಕ್ಕದಿರಬೇಕು, ಇಲ್ಲದಿದ್ದರೆ ಕುಂಡ ಅದರೊಳಗೇ ಜಾರುತ್ತದೆ. ಎರಡನೇ ಸಾಲಿನ ಗಂಟಿನಿಂದ 8 ಸೆಂ.ಮೀ. ಕೆಳಗೆ ಬಳೆ ಹಿಡಿದು, ಪ್ರತಿ ಎಳೆಯನ್ನೂ ಅದಕ್ಕೆ ಎರಡು ಸಲ ಸುತ್ತಿ, ಪ್ರತಿ ಸುತ್ತನ್ನೂ ಎಳೆಯ ಕೆಳಗೇ ತೂರಿಸಿ ಬಿಗಿಯಿರಿ. ಹದಿನಾರು ಎಳೆಯೂ ಬಳೆಯ ಸುತ್ತ ಸಾಲಾಗಿ ಕೂರುತ್ತವೆ. ನಡುವೆ ಖಾಲಿ. ಕುಂಡದಿಂದ ಇಳಿದ ನೀರು ದಾರ ಮುಟ್ಟದೆ ಸೀದಾ ಕೆಳಗೆ ಬೀಳುತ್ತದೆ, ಗಾಳಿಯೂ ಆಡುತ್ತದೆ. ಇದಕ್ಕೆ ಅರ್ಧ ಗಂಟೆ ಜಾಸ್ತಿ ಹಿಡಿಯುತ್ತದೆ. ಆದರೆ ಕೊಡಗಿನಲ್ಲಿ ಹ್ಯಾಂಗರ್ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಈ ಅರ್ಧ ಗಂಟೆಯ ಮೇಲೆಯೇ ನಿಂತಿದೆ. ಉಳಿದ ತುದಿಗಳನ್ನು ಎರಡು ಮೂರು ಇಂಚಿಗೆ ಕತ್ತರಿಸಿ. ಪಾಲಿಯೆಸ್ಟರ್ ಆದರೆ ಮೇಣದಬತ್ತಿಯ ಉರಿಗೆ ಒಂದು ಕ್ಷಣ ಹಿಡಿದರೆ ತುದಿ ಕರಗಿ ಗಟ್ಟಿಯಾಗುತ್ತದೆ, ಎಳೆ ಬಿಚ್ಚುವುದಿಲ್ಲ. ಕರಗಿದ್ದನ್ನು ಬೆರಳಲ್ಲಿ ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ.

ಕುಂಡ ಇಡುವ ಮುಂಚೆ ಭಾರ ಹಾಕಿ ನೋಡಲೇಬೇಕು. ಒಂದು ಚಿಕ್ಕ ಬಕೆಟ್ಟಿನಲ್ಲಿ 5 ಲೀಟರ್ ನೀರು ತುಂಬಿ ಹ್ಯಾಂಗರಿನಲ್ಲಿಟ್ಟು ರಾತ್ರಿಯಿಡೀ ಬಿಡಿ. ಅದು 5 ಕೆಜಿ ಆಯಿತು, ನಿಮ್ಮ ಕುಂಡಕ್ಕಿಂತ ಜಾಸ್ತಿ. ಗಂಟುಗಳು ಬಿಗಿದುಕೊಂಡು ಹ್ಯಾಂಗರ್ ಒಂದಿಷ್ಟು ಉದ್ದವಾಗುತ್ತದೆ, ಅದು ಸಹಜ. ಯಾವುದಾದರೂ ಗಂಟು ಜಾರುವುದಿದ್ದರೆ ಅದೂ ಆಗಲೇ ಗೊತ್ತಾಗುತ್ತದೆ.

ಕೊಕ್ಕೆ ಹಾಕುವ ಜಾಗ ದಾರದಷ್ಟೇ ಮುಖ್ಯ. ಹಂಚಿನ ಮನೆಯಾದರೆ ಹಂಚು ಕೂರಿಸುವ ರೀಪಿಗೆ ಯಾವತ್ತೂ ತೂಗುಹಾಕಬೇಡಿ. ಅದು ತೆಳ್ಳಗಿರುತ್ತದೆ, ಭಾರಕ್ಕೆ ಬಾಗಿದರೆ ಹಂಚು ಸರಿದು ಜಗಲಿ ಸೋರುತ್ತದೆ. ತೊಲೆಗೆ ಸ್ಕ್ರೂ ಇರುವ ಕೊಕ್ಕೆ ತಿರುಗಿಸಿ. ಹಳೇ ಮನೆಗಳ ತೊಲೆ ಬಹಳ ಗಟ್ಟಿ, ಮೊದಲು ಸಣ್ಣ ತೂತು ಕೊರೆದುಕೊಂಡರೆ ಸೀಳುವುದಿಲ್ಲ. ಬಾಡಿಗೆ ಮನೆಯಾದರೆ ಕೊರೆಯದೆ ತೊಲೆಗೇ ಒಂದು ಗಟ್ಟಿ ಹಗ್ಗ ಸುತ್ತಿ ಅದರಲ್ಲಿ ಕೊಕ್ಕೆ ಸಿಕ್ಕಿಸಬಹುದು. ಆರ್‌ಸಿಸಿ ಛಾವಣಿಗೆ ಆಂಕರ್ ಹುಕ್ ಬೇಕು, ಅದನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿ. ಮುಂಗಾರಿನ ಗಾಳಿ ಯಾವ ಕಡೆಯಿಂದ ಹೊಡೆಯುತ್ತದೆ ಅಂತಲೂ ನೋಡಿ. ಕುಂಡ ತೂಗಿದರೂ ಕಂಬಕ್ಕೆ, ಕಿಟಕಿಗೆ ತಾಗಬಾರದು.

ಗಿಡದ ವಿಷಯಕ್ಕೆ ನಮ್ಮ ಹವೆ ಒಳ್ಳೆಯದು. ಜರಿಗಿಡ, ಬಿಗೋನಿಯಾ, ಸ್ಪೈಡರ್ ಪ್ಲಾಂಟ್, ಮನಿಪ್ಲಾಂಟ್ ಎಲ್ಲವೂ ಜಗಲಿಯ ನೆರಳಲ್ಲಿ ಚೆನ್ನಾಗಿ ಬರುತ್ತವೆ. ಒಂದೇ ಮಾತು, ತೋಟದ ಮರಗಳ ಮೇಲಿರುವ ಸೀತಾಳೆ ದಂಡೆ ಅನ್ನುವ ಆರ್ಕಿಡನ್ನು ಕಿತ್ತು ತಂದು ತೂಗುಹಾಕುವ ಆಸೆ ಪಡಬೇಡಿ. ಆ ಬೇರು ಮರದ ತೊಗಟೆಗೆ ಅಂಟಿಕೊಂಡೇ ಬೆಳೆದಿರುತ್ತದೆ. ಕಿತ್ತರೆ ಬಹಳ ಸಲ ಸಾಯುತ್ತದೆ, ಕಾಡಿನಿಂದ ಕಿತ್ತು ತರುವುದಂತೂ ತಪ್ಪು. ಆರ್ಕಿಡ್ ಬೇಕೇ ಬೇಕು ಅಂದರೆ ನರ್ಸರಿಯಲ್ಲಿ ಬೆಳೆಸಿದ್ದನ್ನು ಕೊಳ್ಳಿ. ತೆಂಗಿನ ಸಿಪ್ಪೆ, ಇದ್ದಿಲು ತುಂಬಿದ ತೂತಿನ ಕುಂಡದಲ್ಲಿಟ್ಟು ಈ ಬಳೆ ತಳದ ಹ್ಯಾಂಗರಿಗೆ ಹಾಕಿ. ಅದಕ್ಕೆ ಬೇರಿನ ಸುತ್ತ ಗಾಳಿ ಆಡಬೇಕು, ಈ ಹ್ಯಾಂಗರ್ ಅದಕ್ಕೆ ಸರಿಯಾಗುತ್ತದೆ.