‘ಹೌಂಡ್ ಡಾಗ್’ ಬೈದದ್ದು ಯಾರನ್ನು?

ಪತ್ರ: ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೆಸ್ಲಿಯ ‘ಹೌಂಡ್ ಡಾಗ್’ ಹಾಡು ಅಂದ್ರೆ ನನಗೆ ಪಂಚಪ್ರಾಣ. ಮೊನ್ನೆ ಅದನ್ನೇ ಬಿಗ್ ಮಾಮಾ ಥಾರ್ನ್‌ಟನ್ ಎಂಬಾಕೆ ಹಾಡಿದ್ದು ಕೇಳಿದೆ. ಒಳ್ಳೆ ಹಾಡನ್ನು ಹೀಗೆ ಎಳೆದೆಳೆದು ಯಾಕೆ ಕೆಡಿಸುತ್ತಾರೆ ಸಾರ್?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಲೆಕ್ಕ ತಿರುಗುಮುರುಗಾಗಿದೆ ಸ್ವಾಮಿ. ಥಾರ್ನ್‌ಟನ್ ಇದನ್ನು ಲಾಸ್ ಏಂಜಲೀಸ್‌ನಲ್ಲಿ ಹಾಡಿದ್ದು 1952ರ ಆಗಸ್ಟ್‌ನಲ್ಲಿ. ಎಲ್ವಿಸ್ ಸರದಿ ಬಂದದ್ದು 1956ರಲ್ಲಿ.

ಬರೆದವರು ಜೆರ್ರಿ ಲೀಬರ್ ಮತ್ತು ಮೈಕ್ ಸ್ಟಾಲರ್. ಇಬ್ಬರಿಗೂ ಆಗ 19 ವರ್ಷ. ಥಾರ್ನ್‌ಟನ್ ಅವರ ಗತ್ತು, ಗಂಟಲು ನೋಡಿ ಅವರಿಗೆಂದೇ ಬರೆದ ಬ್ಲೂಸ್ ಇದು, ಅಂದರೆ ಅಮೆರಿಕದ ಕಪ್ಪುಜನರ ಹಾಡಿನ ಬಗೆ. ಹೌಂಡ್ ಡಾಗ್ ಎಂದರೆ ಬೇಟೆನಾಯಿ, ಆದರೆ ಅದರಲ್ಲಿ ನಿಜವಾದ ನಾಯಿ ಇಲ್ಲ. ಕೂತು ತಿನ್ನೋ ಗಂಡಸೊಬ್ಬ ಬಾಗಿಲಿಗೆ ಬಂದಿದ್ದಾನೆ, ಹೆಂಗಸು ಅವನ ನೀರಿಳಿಸುತ್ತಿದ್ದಾಳೆ, ಅಷ್ಟೇ. ಇನ್ನೊಮ್ಮೆ ಕೇಳಿ. ಆಕೆ ಒಂದು ಸಾಲು ಬೈದರೆ ಪೀಟ್ ಲೂಯಿಸ್ ನುಡಿಸುವ ಗಿಟಾರ್ ಎದುರುತ್ತರ ಕೊಡುತ್ತದೆ. ಕೊನೆಯಲ್ಲಿ ವಾದ್ಯದವರೆಲ್ಲ ಸೇರಿ ಬೊಗಳಿ, ಊಳಿಡುತ್ತಾರೆ. ನೀವು ಎಳೆದಾಟ ಅಂದದ್ದು ಬೈಗುಳದ ನಿಧಾನ. ಅವಸರದಲ್ಲಿ ಬೈದರೆ ನಾಟುತ್ತದೆಯೇ?

1953ರಲ್ಲಿ ಅದು ಅಮೆರಿಕದ ರಿದಮ್ ಅಂಡ್ ಬ್ಲೂಸ್ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನದಲ್ಲಿ 7 ವಾರ ಇತ್ತು. ತನಗೆ ಸಿಕ್ಕಿದ್ದು 500 ಡಾಲರಿನ ಒಂದು ಚೆಕ್ ಮಾತ್ರ ಎಂದು ಥಾರ್ನ್‌ಟನ್ ಹೇಳುತ್ತಿದ್ದರು. ಅದೇ ವರ್ಷ ಮೆಂಫಿಸ್‌ನ ಸನ್ ರೆಕಾರ್ಡ್ಸ್ ಇದೇ ಧಾಟಿಯಲ್ಲಿ, ಗಂಡಸು ತಿರುಗಿ ಬೈಯುವ ‘ಬೇರ್ ಕ್ಯಾಟ್’ ಹಾಡು ತಂದು ಹಕ್ಕುಸ್ವಾಮ್ಯದ ಮೊಕದ್ದಮೆಯಲ್ಲಿ ಸೋತಿತು. ಎಲ್ವಿಸ್‌ನ ಮೊದಲ ರೆಕಾರ್ಡ್ ತಂದದ್ದೂ ಇದೇ ಕಂಪನಿ, ಮರುವರ್ಷ!

ಹಾಡಿಗೆ ನಾಯಿ ಹೊಕ್ಕಿದ್ದು 1955ರಲ್ಲಿ. ಗಾಯಕ ಫ್ರೆಡ್ಡಿ ಬೆಲ್ ತಂಡದವರು ಬೈಗುಳ ತೆಗೆದು, ಮೊಲ ಹಿಡಿಯಲಾರದ ನಾಯಿಯ ಸಾಲು ತುರುಕಿದರು. ಎಲ್ವಿಸ್ ಲಾಸ್ ವೇಗಸ್‌ನಲ್ಲಿ ಕೇಳಿ ಎತ್ತಿಕೊಂಡದ್ದು ಇದನ್ನೇ. 1956ರ ಜುಲೈ 1ರಂದು ಸ್ಟೀವ್ ಆಲನ್ ಟೀವಿ ಶೋದಲ್ಲಿ ಅವನಿಗೆ ಸೂಟು ತೊಡಿಸಿ, ಎದುರಿಗೆ ಜೀವಂತ ನಾಯಿಯನ್ನೇ ಕೂರಿಸಿದರು. ನಾಯಿಗೂ ಟೋಪಿ! ಮರುದಿನ ನ್ಯೂಯಾರ್ಕ್‌ನಲ್ಲಿ ರೆಕಾರ್ಡಿಂಗ್, 31 ಟೇಕ್.

ಮೊಲದ ಸಾಲು ಲೀಬರ್‌ಗೆ ಕಡೆಯವರೆಗೂ ಹಿಡಿಸಲಿಲ್ಲ. ನನಗೂ ಅಷ್ಟೆ. ಆದರೆ ಎಲ್ವಿಸ್ ತಂಡದ ಡಿ.ಜೆ. ಫೊಂಟಾನಾ ಬಾರಿಸಿದ ಆ ಡ್ರಮ್ ಉರುಳಿಕೆ ಇದೆಯಲ್ಲ, ಅದಕ್ಕೋಸ್ಕರ ಎಲ್ವಿಸ್ ರೆಕಾರ್ಡನ್ನು ನಾನೂ ಬಿಟ್ಟುಕೊಡಲಾರೆ.

ಥಾರ್ನ್‌ಟನ್ ಬರೆದ ‘ಬಾಲ್ ಅಂಡ್ ಚೈನ್’ ಕೇಳಿದ್ದೀರಾ? 1967ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೆ ಸಂಗೀತೋತ್ಸವದಲ್ಲಿ ಗಾಯಕಿ ಜಾನಿಸ್ ಜಾಪ್ಲಿನ್ ಹಾಡಿ ಹೆಸರು ಮಾಡಿದ್ದು ಅದನ್ನೇ. ಈ ಸಲ ಮಾತ್ರ ಥಾರ್ನ್‌ಟನ್ ಅವರದನ್ನು ಮೊದಲು ಕೇಳಿ.