ಮಾರ್ಕ್ಸ್ ಸಾಧಾರಣ, ಕಾಲೇಜು ಯಾವುದು?

ಸಿಇಟಿ ರ‍್ಯಾಂಕ್ ಬಂದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ತೊಂಬತ್ತೈದು ಪರ್ಸೆಂಟ್ ತೆಗೆದವರು ನಮಗೆ ಬರೆಯುವುದಿಲ್ಲ, ಅವರ ಫೋಟೊವನ್ನು ಕಾಲೇಜಿನವರೇ ಫ್ಲೆಕ್ಸ್ ಮಾಡಿ ಹಾಕಿಸುತ್ತಾರೆ. ಬರೆಯುವವರು ಐವತ್ತೈದರಿಂದ ಎಪ್ಪತ್ತರ ನಡುವೆ ಇರುವ ಮಕ್ಕಳು, ಅವರಿಗಿಂತ ಜಾಸ್ತಿ ಅವರ ಅಪ್ಪ ಅಮ್ಮ. ಈ ಸಲ ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು, ಅದರಲ್ಲಿ ಹತ್ತು ಲಕ್ಷ ರೂಪಾಯಿಯ ಮಾತಿದೆ.

ಪ್ರಶ್ನೆ: ಮಗನಿಗೆ ಪಿಯುಸಿಯಲ್ಲಿ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) 58 ಪರ್ಸೆಂಟ್. ಸಿಇಟಿ ರ‍್ಯಾಂಕ್ ಒಂದು ಲಕ್ಷ ದಾಟಿದೆ. ಕಂಪ್ಯೂಟರ್ ಸೈನ್ಸೇ ಬೇಕು ಅಂತ ಹಟ. ಬೆಂಗಳೂರಿನ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆ, ಈ ವಾರವೇ ಐವತ್ತು ಸಾವಿರ ಕಟ್ಟಿ ಬ್ಲಾಕ್ ಮಾಡಿಸಿ, ನಾಲ್ಕು ವರ್ಷಕ್ಕೆ ಒಟ್ಟು ಹತ್ತು ಲಕ್ಷ ಆಗುತ್ತದೆ ಅಂತ ಒಬ್ಬರು ದಿನಾ ಫೋನ್ ಮಾಡುತ್ತಿದ್ದಾರೆ. ತೋಟದ ಮೇಲೆ ಸಾಲ ತೆಗೆಯಲಾ?
– ಒಬ್ಬ ತಂದೆ, ತಿಪಟೂರು

ಉತ್ತರ: ಮೊದಲು ಆ ಐವತ್ತು ಸಾವಿರ ಕಟ್ಟಬೇಡಿ. ಮಿಕ್ಕಿದ್ದು ನಿಧಾನವಾಗಿ ಮಾತಾಡೋಣ.

ಫೋನ್ ಮಾಡುವವರು ಕಾಲೇಜಿನ ನೌಕರರಾ, ಹೊರಗಿನ ಏಜೆಂಟಾ? ಏಜೆಂಟ್ ಆದರೆ ಅವರಿಗೆ ಸೀಟಿಗೆ ಇಷ್ಟು ಅಂತ ಕಮಿಷನ್ ಇರುತ್ತದೆ, ನಿಮ್ಮ ಮಗ ಆಮೇಲೆ ಪಾಸಾದನೋ ಇಲ್ಲವೋ ಅನ್ನುವುದು ಅವರ ಲೆಕ್ಕಕ್ಕೆ ಬರುವುದಿಲ್ಲ. ಈ ವಾರವೇ, ಇವತ್ತೇ, ಒಂದೇ ಸೀಟು ಉಳಿದಿದೆ ಅನ್ನುವ ಮಾತು ಕೌನ್ಸೆಲಿಂಗ್ ಮುಗಿಯುವ ತನಕ ಹೀಗೇ ನಡೆಯುತ್ತದೆ. ಕೊಡಲೇಬೇಕಾಗಿ ಬಂದರೂ ಕಾಲೇಜಿನ ಹೆಸರಿಗೆ ಕಟ್ಟಿ ರಸೀದಿ ತೆಗೆದುಕೊಳ್ಳಿ, ಯಾರದೋ ಫೋನ್‌ಪೇ ನಂಬರಿಗೆ ಹಾಕಬೇಡಿ.

ಈಗ ಸಿಇಟಿ. ನಮ್ಮಲ್ಲಿ ಎಂಜಿನಿಯರಿಂಗ್ ರ‍್ಯಾಂಕನ್ನು ಪಿಯುಸಿ ಪಿಸಿಎಂ ಅರ್ಧ, ಸಿಇಟಿ ಅರ್ಧ ಸೇರಿಸಿ ಕೊಡುತ್ತಾರೆ. ಪಿಸಿಎಂನಲ್ಲಿ 45 ಪರ್ಸೆಂಟ್ ಇದ್ದರೆ ಅರ್ಹತೆ ಬಂತು, ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗದವರಿಗೆ 40 ಸಾಕು. ಅಂದರೆ ನಿಮ್ಮ ಹುಡುಗ ಆಟದಿಂದ ಹೊರಗಿಲ್ಲ. ಒಂದು ಲಕ್ಷದ ಮೇಲಿನ ರ‍್ಯಾಂಕಿಗೆ ಬೆಂಗಳೂರಿನ ದೊಡ್ಡ ಹೆಸರಿನ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುವುದಿಲ್ಲ, ಅದನ್ನು ಬಿಟ್ಟುಬಿಡಿ. ಆದರೆ ಸಿಇಟಿ ನಡೆಸುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ವೆಬ್‌ಸೈಟಿನಲ್ಲಿ ಹಿಂದಿನ ವರ್ಷಗಳ ಕಟ್‌ಆಫ್ ಪಟ್ಟಿ ಇದೆ, ಯಾವ ಕಾಲೇಜಿನ ಯಾವ ಸೀಟು ಎಷ್ಟನೇ ರ‍್ಯಾಂಕಿನ ತನಕ ಹೋಯಿತು ಅಂತ. ಅದನ್ನು ತೆಗೆದು ನಿಮ್ಮ ಕೆಟಗರಿಯ ಕಾಲಂ ಹಿಡಿದು, ಮೊದಲ ರೌಂಡು ಬಿಟ್ಟು ಕೊನೆಯ ರೌಂಡಿನದ್ದನ್ನು ನೋಡಿ. ಜಿಎಂ (ಸಾಮಾನ್ಯ ವರ್ಗ), 2ಎಜಿ, 3ಬಿಜಿ (ಹಿಂದುಳಿದ ವರ್ಗಗಳು) ಅಂತೆಲ್ಲ ಇರುತ್ತದೆ. ಕೊನೆಯಲ್ಲಿ ಆರ್ ಇದ್ದರೆ ಗ್ರಾಮೀಣ, ಕೆ ಇದ್ದರೆ ಕನ್ನಡ ಮಾಧ್ಯಮ. ಮಗ ಒಂದರಿಂದ ಹತ್ತನೇ ಕ್ಲಾಸಿನ ತನಕ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಇದೆ, ಹತ್ತೂ ವರ್ಷ ಕನ್ನಡದಲ್ಲಿ ಓದಿದ್ದರೆ ಅದಕ್ಕೂ ಬೇರೆ ಇದೆ. ಇವನ್ನು ಅರ್ಜಿಯಲ್ಲೇ ಹಾಕಿರಬೇಕು, ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಸಹಿಯೂ ಬೇಕು. ಮನೆಯ ವರಮಾನ ಎಂಟು ಲಕ್ಷದೊಳಗಿದ್ದರೆ ಎಸ್‌ಎನ್‌ಕ್ಯೂ ಅಂತ ಇನ್ನೊಂದು ಕೋಟಾ ಇದೆ, ಅದರಲ್ಲಿ ಸೀಟು ಸಿಕ್ಕರೆ ಬೋಧನಾ ಶುಲ್ಕ ಇರುವುದಿಲ್ಲ. ಇದಕ್ಕೆ ಪೈಪೋಟಿ ಜಾಸ್ತಿ, ಆದರೂ ಬಿಡಬೇಡಿ.

ಸಾಧಾರಣ ರ‍್ಯಾಂಕಿನವರು ಕೈ ಸುಟ್ಟುಕೊಳ್ಳುವುದು ಆಪ್ಷನ್ ಎಂಟ್ರಿಯಲ್ಲಿ, ಅಂದರೆ ಬೇಕಾದ ಕಾಲೇಜು, ಬ್ರ್ಯಾಂಚುಗಳ ಪಟ್ಟಿ ತುಂಬುವಾಗ. ಗೆಳೆಯರೆಲ್ಲ ಬರೆದ ಹತ್ತು ಕಾಲೇಜನ್ನೇ ಬರೆದು ಕೂರುತ್ತಾರೆ, ಒಂದೂ ಸಿಗುವುದಿಲ್ಲ, ಆಗ ಗಾಬರಿಯಾಗಿ ಏಜೆಂಟಿಗೆ ಫೋನ್ ಹೋಗುತ್ತದೆ. ನೂರು ಆಪ್ಷನ್ ಬರೆದರೂ ಯಾರೂ ಬೇಡ ಅನ್ನುವುದಿಲ್ಲ. ತುಂಬಾ ಇಷ್ಟವಾದದ್ದು ಮೇಲೆ, ಸಿಕ್ಕರೆ ಸಾಕು ಅನ್ನುವಂಥದ್ದು ಕೆಳಗೆ. ಸಿಕ್ಕರೂ ಸೇರಲ್ಲ ಅನ್ನುವ ಕಾಲೇಜನ್ನು ಮಾತ್ರ ಸುಮ್ನೆ ಬರೆಯಬೇಡಿ. ಮೊದಲು ಸೀಟಿನ ಅಣಕು ಹಂಚಿಕೆ (ಮಾಕ್ ಅಲಾಟ್‌ಮೆಂಟ್) ಬರುತ್ತದೆ, ಅದನ್ನು ನೋಡಿ ಪಟ್ಟಿ ತಿದ್ದಿಕೊಳ್ಳಬಹುದು. ಸೀಟು ಬಂದ ಮೇಲೆ ಚಾಯ್ಸ್ ಕೇಳುತ್ತಾರೆ, ಈಚಿನ ವರ್ಷಗಳಲ್ಲಿ ಚಾಯ್ಸ್ 2 ಅಂದರೆ ಇದನ್ನು ಇಟ್ಟುಕೊಂಡು ಮುಂದಿನ ರೌಂಡಿನಲ್ಲಿ ಮೇಲಿನದಕ್ಕೆ ಪ್ರಯತ್ನಿಸುತ್ತೇನೆ ಅಂತ ಅರ್ಥ. ಸಾಧಾರಣ ರ‍್ಯಾಂಕಿನ ಮಕ್ಕಳಿಗೆ ಬಹಳ ಸಲ ಇದೇ ಉಪಯೋಗಕ್ಕೆ ಬರುತ್ತದೆ. ಆ ವರ್ಷದ ನಿಯಮ ಮಾತ್ರ ಓದಿಕೊಂಡೇ ಒತ್ತಿ.

ಇನ್ನು ಹತ್ತು ಲಕ್ಷದ ವಿಷಯ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ವ್ಯಾಪ್ತಿಯ ಕಾಲೇಜು ತಿಪಟೂರಲ್ಲಿರಲಿ ಬೆಂಗಳೂರಲ್ಲಿರಲಿ, ಡಿಗ್ರಿ ಕೊಡುವುದು ಬೆಳಗಾವಿಯ ಅದೇ ವಿಶ್ವವಿದ್ಯಾಲಯ. ಸ್ವಾಯತ್ತ ಅಲ್ಲದ ಕಾಲೇಜುಗಳಿಗೆ ಸಿಲೆಬಸ್ಸೂ ಅದೇ, ಪ್ರಶ್ನೆಪತ್ರಿಕೆಯೂ ಅದೇ. ಬೆಂಗಳೂರಿನ ಹೊರವಲಯದಲ್ಲಿ ಹೆಸರೇ ಕೇಳಿರದ ಕಾಲೇಜಿಗೆ ಸೇರಲು ತೋಟ ಅಡ ಇಡುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ. ರಾಮನಗರ, ಹಾಸನ, ಹಾವೇರಿ, ಚಾಮರಾಜನಗರ, ಕೆ.ಆರ್. ಪೇಟೆಯಲ್ಲೆಲ್ಲ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅವುಗಳ ಕಟ್‌ಆಫ್‌ ಕೂಡ ನೋಡಿ. ಕಂಪ್ಯೂಟರ್ ಸೈನ್ಸ್ ಸಿಗದೆ ಎಲೆಕ್ಟ್ರಿಕಲ್ಲೋ ಮೆಕ್ಯಾನಿಕಲ್ಲೋ ಸಿಗಬಹುದು. ಅದು ಬೇಡ ಅಂದರೆ ಅದೂ ನ್ಯಾಯವೇ, ಇಷ್ಟವಿಲ್ಲದ ಬ್ರ್ಯಾಂಚಲ್ಲಿ ನಾಲ್ಕು ವರ್ಷ ಕಷ್ಟ.

ಆದರೆ ಒಂದು ಮಾತು ಮಗನನ್ನು ಕೂರಿಸಿಕೊಂಡು ಕೇಳಿ. ಆ 58ರಲ್ಲಿ ಗಣಿತ ಎಷ್ಟು? ಎಂಜಿನಿಯರಿಂಗಿನ ಮೊದಲ ಕೆಲವು ಸೆಮಿಸ್ಟರ್ ಗಣಿತ ಬೆನ್ನು ಬಿಡುವುದಿಲ್ಲ, ಬ್ಯಾಕ್‌ಲಾಗ್ ಶುರುವಾಗುವುದೇ ಅಲ್ಲಿಂದ. ಹುಡುಗನಿಗೆ ಕಂಪ್ಯೂಟರ್ ಇಷ್ಟ, ಫಿಸಿಕ್ಸು ಗಣಿತ ಅಷ್ಟಕ್ಕಷ್ಟೆ ಅನ್ನುವುದಾದರೆ ಬಿಸಿಎ ಮೂರು ವರ್ಷ, ಆಮೇಲೆ ಪಿಜಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದು ಎಂಸಿಎ ಎರಡು ವರ್ಷ. ಎಂಜಿನಿಯರಿಂಗಿಗಿಂತ ಒಂದೇ ವರ್ಷ ಜಾಸ್ತಿ, ಖರ್ಚು ಸಾಮಾನ್ಯವಾಗಿ ತುಂಬಾ ಕಮ್ಮಿ, ಕೈಗೆ ಎರಡು ಡಿಗ್ರಿ. ನೆಂಟರ ಮದುವೆಯಲ್ಲಿ ಹೇಳಿಕೊಳ್ಳಲು ಬಿಇಯಷ್ಟು ಚೆನ್ನಾಗಿರುವುದಿಲ್ಲ, ಅಷ್ಟೇ ತೊಂದರೆ. ಕೈಯಲ್ಲಿ ಕೆಲಸ ಮಾಡುವುದು ಇಷ್ಟ ಇದ್ದರೆ ಪಿಯುಸಿ ಸೈನ್ಸ್ ಆದವರಿಗೆ ಡಿಪ್ಲೊಮಾದಲ್ಲಿ ನೇರ ಎರಡನೇ ವರ್ಷಕ್ಕೆ ಪ್ರವೇಶ ಇದೆ. ಅದು ಮುಗಿಸಿ ಡಿಪ್ಲೊಮಾದವರ ಸಿಇಟಿ (ಡಿಸಿಇಟಿ) ಬರೆದರೆ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಅದೂ ಐದೇ ವರ್ಷ.

ಯಾವುದೇ ಕಾಲೇಜಾಗಲಿ, ದುಡ್ಡು ಕಟ್ಟುವ ಮುಂಚೆ ಒಂದು ವರ್ಕಿಂಗ್ ಡೇ ಹೋಗಿ ಬನ್ನಿ. ಅಡ್ಮಿಷನ್ ಆಫೀಸಿನ ಎಸಿ ರೂಮಲ್ಲಿ ಕೂತು ಕಾಫಿ ಕುಡಿದು ಬಂದರೆ ಏನೂ ಗೊತ್ತಾಗುವುದಿಲ್ಲ. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕಾರಿಡಾರಿನಲ್ಲಿ ನಡೆಯಿರಿ, ಕ್ಲಾಸು ನಡೆಯುತ್ತಿದೆಯಾ ನೋಡಿ. ಕ್ಯಾಂಟೀನಲ್ಲಿ ಮೂರನೇ ವರ್ಷದ ಹುಡುಗರನ್ನು ಮಾತಾಡಿಸಿ, ಒಂದು ಸೆಮಿಸ್ಟರಿನಲ್ಲಿ ಎಷ್ಟು ಸಬ್ಜೆಕ್ಟಿಗೆ ಮೇಷ್ಟ್ರು ಮಧ್ಯದಲ್ಲೇ ಬದಲಾದರು ಅಂತ ಕೇಳಿ. ಪ್ಲೇಸ್‌ಮೆಂಟ್ ಬಗ್ಗೆ ಕೇಳುವಾಗ ಗರಿಷ್ಠ ಪ್ಯಾಕೇಜ್ ಕೇಳಬೇಡಿ, ಅದು ಒಬ್ಬನದ್ದು. ನಿಮ್ಮ ಬ್ರ್ಯಾಂಚಲ್ಲಿ ಎಷ್ಟು ಜನ ಓದುತ್ತಿದ್ದರು, ಎಷ್ಟು ಜನ ಆಫರ್ ಲೆಟರ್ ಹಿಡಿದು ಕೆಲಸಕ್ಕೆ ಸೇರಿದರು ಅಂತ ಕೇಳಿ. ಒಬ್ಬನಿಗೇ ಮೂರು ಕಂಪನಿ ಆಫರ್ ಕೊಟ್ಟರೆ ಅದನ್ನು ಮೂರು ಅಂತ ಎಣಿಸುವ ಕಾಲೇಜುಗಳೂ ಇವೆ. ಗುಣಮಟ್ಟ ಅಳೆದು ಕೊಡುವ ಮಾನ್ಯತೆಗಳಲ್ಲಿ ನ್ಯಾಕ್ ಗ್ರೇಡ್ ಇಡೀ ಕಾಲೇಜಿಗೆ ಕೊಡುವುದು, ಎನ್‌ಬಿಎ ಮಾನ್ಯತೆ ಒಂದೊಂದು ಬ್ರ್ಯಾಂಚಿಗೆ ಬೇರೆ ಬೇರೆ. ಗೇಟಿನ ಮೇಲೆ ಎ ಪ್ಲಸ್ ಅಂತ ಬೋರ್ಡಿದ್ದರೆ ಅದು ಯಾವ ವರ್ಷದ್ದು, ಅವಧಿ ಇನ್ನೂ ಇದೆಯಾ ನೋಡಿ.

ಪ್ರಶ್ನೆ: ಕಾಮರ್ಸ್, 63 ಪರ್ಸೆಂಟ್. ಸಿಎ ಮಾಡುವ ಆಸೆ. ಗೆಳತಿಯರೆಲ್ಲ ಬೆಂಗಳೂರಿಗೆ ಹೋಗಿ ಬಿಕಾಂ ಜೊತೆಗೆ ಎಸಿಸಿಎ ಕೊಡುವ ಕಾಲೇಜು ಸೇರುತ್ತಿದ್ದಾರೆ. ಅಪ್ಪ ಊರಿನ ಸರ್ಕಾರಿ ಕಾಲೇಜೇ ಸಾಕು ಅಂತಾರೆ. ಅಲ್ಲಿ ಪಾಠ ಸರಿಯಾಗಿ ಆಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಡಿಗ್ರಿ ಈಗ ನಾಲ್ಕು ವರ್ಷವಾ?
– ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಸಿಎ ಬೇಕು ಅನ್ನುವುದು ಖಚಿತವಾ? ಹಾಗಾದರೆ ನಿಮ್ಮ ಕಾಲೇಜಿನ ಹೆಸರನ್ನು ಆ ಪರೀಕ್ಷೆ ಕೇಳುವುದೇ ಇಲ್ಲ. ಪಿಯುಸಿ ಆದ ಮೇಲೆ ಸಿಎ ಫೌಂಡೇಶನ್ ಬರೆಯಬಹುದು. ಅದು ಬೇಡ ಅಂದರೆ ಬಿಕಾಂನಲ್ಲಿ 55 ಪರ್ಸೆಂಟ್ ತೆಗೆದು ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಎರಡು ದಾರಿಯಲ್ಲೂ ಬೇಕಾಗಿರುವುದು ಓದಲು ಟೈಮು, ಬಸ್ಸಿನಲ್ಲಿ ಮೂರು ಗಂಟೆ ನಿಂತು ಬರುವ ಬೆಂಗಳೂರಿನ ಪಿಜಿ ಜೀವನದಲ್ಲಿ ಅದೇ ಸಿಗುವುದು ಕಷ್ಟ. ಎಸಿಸಿಎ ಇಂಗ್ಲೆಂಡಿನ ಸಂಸ್ಥೆಯ ಅಕೌಂಟಿಂಗ್ ಕೋರ್ಸು, ಅದರ ರಿಜಿಸ್ಟ್ರೇಶನ್, ಪರೀಕ್ಷೆ ಫೀಸು ಆ ಸಂಸ್ಥೆಗೇ ಹೋಗುತ್ತದೆ. ಕಾಲೇಜಿನವರು ಹೇಳುವ ಪ್ಯಾಕೇಜಿನಲ್ಲಿ ಅದು ಸೇರಿದೆಯಾ, ಬರೀ ಕೋಚಿಂಗ್ ಮಾತ್ರವಾ ಅಂತ ಬರವಣಿಗೆಯಲ್ಲಿ ಕೇಳಿ. ಸಿಎ ಮಾಡುವವರಿಗೆ ಎಸಿಸಿಎ ಯಾಕೆ ಅನ್ನುವುದನ್ನೂ ಒಮ್ಮೆ ಕೇಳಿಕೊಳ್ಳಿ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಬಗ್ಗೆ ನಿಮ್ಮ ಊರಿನವರು ಹೇಳುವುದು ಪೂರ್ತಿ ಸುಳ್ಳಲ್ಲ. ಬಹಳ ಕಡೆ ಪಾಠ ನಡೆಯುವುದೇ ಅತಿಥಿ ಉಪನ್ಯಾಸಕರಿಂದ, ಅವರ ನೇಮಕ ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಖಾಲಿ ಹೋಗುತ್ತವೆ. ಆದರೆ ಇದು ಕಾಲೇಜಿನಿಂದ ಕಾಲೇಜಿಗೆ ಬೇರೆ. ನಿಮ್ಮ ಕಾಲೇಜಿನ ವಾಣಿಜ್ಯ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಜನ ಅಂತ ಹೋಗಿ ಕೇಳಿ. ಇಬ್ಬರು ಮೂವರು ಒಳ್ಳೆಯವರಿದ್ದರೆ ಅಲ್ಲೇ ಸೇರಿ, ಉಳಿದ ದುಡ್ಡನ್ನು ಸಿಎ ಕೋಚಿಂಗಿಗೆ ಇಡಿ. ಇಲ್ಲದಿದ್ದರೆ ರಾಯಚೂರು, ಬಳ್ಳಾರಿ ಕಡೆಯ ಕಾಲೇಜುಗಳನ್ನೂ ನೋಡಿ. ಸಿಂಧನೂರಿನಿಂದ ನೇರ ಬೆಂಗಳೂರಿಗೇ ಹಾರಬೇಕಾಗಿಲ್ಲ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ 2023ರಿಂದ ಟಿಕೆಟ್ ಖರ್ಚೂ ಇಲ್ಲ. ಇನ್ನೊಂದು, ಡಿಗ್ರಿ ನಾಲ್ಕು ವರ್ಷವಾ ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. 2024ರಿಂದ ರಾಜ್ಯದಲ್ಲಿ ಮತ್ತೆ ಮೂರೇ ವರ್ಷ.

ಪ್ರಶ್ನೆ: ಪಿಸಿಬಿ 65 ಪರ್ಸೆಂಟ್. ನೀಟ್‌ನಲ್ಲಿ ಏನೂ ಬರಲಿಲ್ಲ. ಒಂದು ವರ್ಷ ಕೂತು ಮತ್ತೆ ಬರೆಯಲಾ, ನರ್ಸಿಂಗ್ ಸೇರಲಾ?
– ಓದುಗ, ಚಿಕ್ಕಮಗಳೂರು

ಉತ್ತರ: ಸ್ವಲ್ಪದರಲ್ಲಿ ತಪ್ಪಿದ್ದರೆ ಒಂದು ಸಲ ಕೂತು ಬರೆಯಿರಿ. ಏನೂ ಬರಲಿಲ್ಲ ಅಂತ ನೀವೇ ಬರೆದಿದ್ದೀರಿ, ಹಾಗಿರುವಾಗ ನಾನಾದರೆ ಕೂರುವುದಿಲ್ಲ.

ಬಿಎಸ್ಸಿ ನರ್ಸಿಂಗ್ ಬಗ್ಗೆ ಹುಡುಗರಿಗೆ ಇನ್ನೂ ಸಂಕೋಚ ಇದೆ, ಬೇಕಾಗಿಲ್ಲ. ಈಗ ಅದರ ಸರ್ಕಾರಿ ಕೋಟಾ ಸೀಟೂ ಕೆಇಎ ಮೂಲಕ ಸಿಗುತ್ತದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯದಡಿ ಲ್ಯಾಬ್ ಟೆಕ್ನಾಲಜಿ, ರೇಡಿಯಾಲಜಿ ಇಮೇಜಿಂಗ್, ಅನಸ್ತೇಷಿಯಾ, ಆಪ್ಟೊಮೆಟ್ರಿ ಕೋರ್ಸುಗಳಿವೆ. ಬಿ.ಫಾರ್ಮ್ ಇದೆ. ಮನೆಯಲ್ಲಿ ಜಮೀನಿದ್ದರೆ ಬಿಎಸ್ಸಿ ಕೃಷಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆ ಬೇರೆ ಇರುತ್ತದೆ. ಈ ವರ್ಷ ಅದರ ದಿನ ಮುಗಿದಿದೆಯಾ ನೋಡಿ.

ನರ್ಸಿಂಗ್, ಪ್ಯಾರಾಮೆಡಿಕಲ್ ಕಾಲೇಜು ಆರಿಸುವಾಗ ಕಟ್ಟಡ ನೋಡಬೇಡಿ, ಆಸ್ಪತ್ರೆ ನೋಡಿ. ಒಂದು ಕಾಂಪ್ಲೆಕ್ಸಿನ ಎರಡು ಮಹಡಿಯಲ್ಲಿ ಕಾಲೇಜು, ಕೆಳಗೆ ಬೇಕರಿ, ನಮಗೆ ಆಸ್ಪತ್ರೆ ಟೈಅಪ್ ಇದೆ ಅನ್ನುವವರು ಬಹಳ. ಯಾವ ಆಸ್ಪತ್ರೆ, ಎಷ್ಟು ಹಾಸಿಗೆ, ವಾರಕ್ಕೆ ಎಷ್ಟು ದಿನ ವಾರ್ಡಿಗೆ ಕಳಿಸುತ್ತಾರೆ ಅಂತ ಕೇಳಿ, ಆ ಆಸ್ಪತ್ರೆಗೇ ಹೋಗಿ ಅಲ್ಲಿನ ಸಿಸ್ಟರ್‌ಗಳನ್ನೂ ಕೇಳಿ. ನರ್ಸಿಂಗ್ ಕೌನ್ಸಿಲಿನ ಮಾನ್ಯತೆ ಪಟ್ಟಿಯಲ್ಲಿ ಈ ವರ್ಷ ಕಾಲೇಜಿನ ಹೆಸರಿರಬೇಕು. ಅದಿಲ್ಲದೆ ಓದಿದರೆ ಆಮೇಲೆ ನರ್ಸ್ ಅಂತ ನೋಂದಣಿಗೇ ತೊಂದರೆ.

ಪ್ರಶ್ನೆ: ಸೀಟು ಸಿಗುತ್ತದೋ ಇಲ್ಲವೋ ಅಂತ ಮಗಳನ್ನು ಖಾಸಗಿ ಕಾಲೇಜಿನಲ್ಲಿ ಬಿಬಿಎಗೆ ಸೇರಿಸಿದ್ದೆವು. ಈಗ ಬೇರೆ ಕಡೆ ಸೀಟು ಬಂದಿದೆ. ಮಾರ್ಕ್ಸ್ ಕಾರ್ಡ್ ವಾಪಸ್ ಬೇಕಾದರೆ ಮೂರು ವರ್ಷದ ಫೀಸ್ ಕಟ್ಟಿ ಅಂತಾರೆ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಕಟ್ಟಬೇಡಿ. ಮೂಲ ದಾಖಲೆಗಳನ್ನು ಪರಿಶೀಲಿಸಿ ಅಲ್ಲೇ ವಾಪಸ್ ಕೊಡಬೇಕು, ಇಟ್ಟುಕೊಳ್ಳುವಂತಿಲ್ಲ ಅಂತ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರ ಅಧಿಸೂಚನೆಯಲ್ಲೇ ಹೇಳಿದೆ. ಕಟ್ಟಿದ ಫೀಸಿಗೂ ಅದರಲ್ಲೇ ಲೆಕ್ಕ ಇದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಸಣ್ಣ ಪ್ರೊಸೆಸಿಂಗ್ ಶುಲ್ಕ ಕಳೆದು ಪೂರ್ತಿ ವಾಪಸ್, ಕೊನೆಯ 15 ದಿನದೊಳಗೆ ಬಿಟ್ಟರೆ 90 ಪರ್ಸೆಂಟ್, ಕೊನೆಯ ದಿನ ಕಳೆದು 15 ದಿನದವರೆಗೆ 80, ಆಮೇಲೆ 30 ದಿನದ ತನಕ 50, ಅದರಾಚೆ ಏನೂ ಇಲ್ಲ. ಹಾಗಾಗಿ ಬಾಯಿಮಾತಿನಲ್ಲಿ ದಿನ ಕಳೆಯಬೇಡಿ. ಇವತ್ತೇ ಪ್ರಾಂಶುಪಾಲರಿಗೆ ಪತ್ರ ಬರೆದು ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ, ಹಾಕದಿದ್ದರೆ ರಿಜಿಸ್ಟರ್ಡ್ ಪೋಸ್ಟ್ ಮಾಡಿ. ಅದರ ಪ್ರತಿಯನ್ನು ವಿಶ್ವವಿದ್ಯಾಲಯದ ಕುಲಸಚಿವರಿಗೂ ಕಳಿಸಿ, ಯುಜಿಸಿಯ ದೂರು ಪೋರ್ಟಲಿನಲ್ಲೂ ಹಾಕಿ. ಹೊಸ ಕಾಲೇಜಿನಲ್ಲಿ ದಾಖಲೆ ಕೊಡಲು ಎಷ್ಟು ದಿನ ಟೈಮ್ ಕೊಡುತ್ತಾರೆ ಅಂತಲೂ ಈಗಲೇ ಕೇಳಿಟ್ಟುಕೊಳ್ಳಿ.