ಗರಾಬಿಯ ಕಬ್ಬಿಣದ ಕಮಾನು

ಓದುಗರ ಪ್ರಶ್ನೆ: ಫ್ರಾನ್ಸಿನ ಹಳ್ಳಿಗಾಡಿನಲ್ಲಿರುವ ಗರಾಬಿ ರೈಲು ಸೇತುವೆಯ ಚಿತ್ರ ನೋಡಿದೆ. ಕೆಳಗೆ ಒಂದು ಊರುಗೋಲೂ ಇಲ್ಲದೆ ಅಷ್ಟು ದೊಡ್ಡ ಉಕ್ಕಿನ ಕಮಾನನ್ನು ಐಫೆಲ್ ಹೇಗೆ ನಿಲ್ಲಿಸಿದರು?

ಸಂಪಾದಕರ ಉತ್ತರ: ಅದು ಉಕ್ಕಲ್ಲ, ಮೆದುಕಬ್ಬಿಣ. ಐದು ವರ್ಷದ ನಂತರ ಪ್ಯಾರಿಸ್ಸಿನ ಗೋಪುರಕ್ಕೆ ಬಳಸಿದ್ದೂ ಅದೇ ಜಾತಿಯ ಕಬ್ಬಿಣ. ಇನ್ನು ಕೀರ್ತಿಯೆಲ್ಲ ಐಫೆಲ್ ಅವರಿಗೇ ಸಂದಿದೆಯಾದರೂ, ತ್ರುಯೇರ್ ಕಣಿವೆಯನ್ನು ಇಳಿದು ಹತ್ತದೆ ಮೇಲ್ಮಟ್ಟದಲ್ಲೇ ನೇರವಾಗಿ ದಾಟಿಬಿಡೋಣ ಎಂದವರು ಸರ್ಕಾರಿ ಎಂಜಿನಿಯರ್ ಲೆಯೋನ್ ಬ್ವಾಯೆ. ಪೋರ್ಚುಗಲ್ಲಿನ ಪೋರ್ಟೊದಲ್ಲಿ 1877ರಲ್ಲಿ ಐಫೆಲ್ ಕಂಪನಿ ಮುಗಿಸಿದ್ದ 160 ಮೀಟರ್ ಕಮಾನು ಅವರ ಕಣ್ಣೆದುರಿಗಿತ್ತು. ಹಾಗಾಗಿ ಟೆಂಡರ್ ಕರೆಯದೆ ಅದೇ ಕಂಪನಿಗೆ ಕೆಲಸ ಕೊಟ್ಟರು. ಲೆಕ್ಕಾಚಾರದಲ್ಲಿ ಆ ಕಂಪನಿಯ ಎಂಜಿನಿಯರ್ ಮೋರಿಸ್ ಕೊಕ್ಲಿನ್ ಅವರ ಪಾಲು ದೊಡ್ಡದು.

ಈಗ ನಿಮ್ಮ ಪ್ರಶ್ನೆ. ನದಿಯಿಂದ 122 ಮೀಟರ್ ಎತ್ತರಕ್ಕೆ ಮರದ ಅಟ್ಟಣೆ ಕಟ್ಟುವ ಮಾತೇ ಇರಲಿಲ್ಲ. ಮೊದಲು ಎರಡೂ ದಡದ ಕಂಬಗಳನ್ನು ಎಬ್ಬಿಸಿ, ರೈಲು ಹೋಗುವ ತೊಲೆಯನ್ನು ಅವುಗಳ ಮೇಲೆ ಮುಂದಕ್ಕೆ ತಳ್ಳಿದರು. ಆಮೇಲೆ ಕಮಾನಿನ ಎರಡು ಅರ್ಧಗಳನ್ನು ಎರಡೂ ಬುಡದಿಂದ ತುಂಡುತುಂಡಾಗಿ ಬೆಳೆಸುತ್ತಾ, ಬೆಳೆದಷ್ಟನ್ನೂ ಉಕ್ಕಿನ ಹಗ್ಗಗಳಿಂದ ಮೇಲಿನ ತೊಲೆಗೆ ಬಿಗಿದರು. ತೊಲೆ ಮುಂದಕ್ಕೆ ಜಗ್ಗದಂತೆ ಅದರ ಹಿಂತುದಿಯನ್ನು ದಡದ ಕಲ್ಲುಕಟ್ಟಡಕ್ಕೆ ಬಂಧಿಸಿದ್ದರು. 1884ರ ಏಪ್ರಿಲ್‌ನಲ್ಲಿ ಎರಡು ಅರ್ಧಗಳೂ ನಡುವೆ ಕೂಡಿದವು; ಕಮಾನು ತನ್ನ ಭಾರ ತಾನೇ ಹೊತ್ತ ಮೇಲೆ ಹಗ್ಗಗಳಿಗೆ ಕೆಲಸ ಉಳಿಯಲಿಲ್ಲ.

ಚಿತ್ರವನ್ನು ಮತ್ತೊಮ್ಮೆ ನೋಡಿ. ಕಮಾನು ನಡುವೆ ದಪ್ಪ, ಬುಡದಲ್ಲಿ ಚೂಪು, ಥೇಟ್ ಬಿದಿಗೆಯ ಚಂದ್ರ. ಆ ಚೂಪು ತುದಿಗಳಲ್ಲಿ ಕೀಲುಗಳಿವೆ. 165 ಮೀಟರ್ ಉದ್ದದ ಕಬ್ಬಿಣ 40 ಡಿಗ್ರಿ ಬಿಸಿಯೇರಿದರೆ ಸುಮಾರು 8 ಸೆಂಟಿಮೀಟರ್ ಹಿಗ್ಗಲು ನೋಡುತ್ತದೆ. ಬುಡ ಗಟ್ಟಿಯಾಗಿ ಹೂತಿದ್ದರೆ ಅಲ್ಲೇ ಬಾಗಿ ನೋಯುತ್ತಿತ್ತು. ಕೀಲು ಇರುವುದರಿಂದ ಬುಡ ಹೊರಳುತ್ತದೆ, ನೆತ್ತಿ ತುಸು ಮೇಲೇರಿ ಇಳಿಯುತ್ತದೆ. ಅಡ್ಡಕ್ಕೆ ನೋಡಿದರೆ ಇದರ ತದ್ವಿರುದ್ಧ: ನೆತ್ತಿಯಲ್ಲಿ 6 ಮೀಟರ್ ಚಿಲ್ಲರೆ, ಬುಡದಲ್ಲಿ 20 ಮೀಟರ್ ಅಗಲ. ಇದು ಗಾಳಿಗಾಗಿ. 1879ರ ಡಿಸೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಟೇ ಸೇತುವೆ ಬಿರುಗಾಳಿಗೆ ರೈಲಿನ ಸಮೇತ ಉರುಳಿತ್ತು. ಆ ಕಾಲದ ಯಾವ ಎಂಜಿನಿಯರೂ ಗಾಳಿಯನ್ನು ಹಗುರವಾಗಿ ಎಣಿಸುವಂತಿರಲಿಲ್ಲ. ಹಳಿಯನ್ನೂ ತೊಲೆಯ ನೆತ್ತಿಯ ಮೇಲಲ್ಲ, ಒಂದೂವರೆ ಮೀಟರ್‌ಗೂ ಹೆಚ್ಚು ಕೆಳಗೆ ಹಾಸಿದ್ದಾರೆ. ಬೋಗಿ ಹಳಿ ತಪ್ಪಿದರೂ ತೊಲೆಯ ಪಕ್ಕಗಳೇ ತಡೆಗೋಡೆ.

1888ರ ಪರೀಕ್ಷೆಯಲ್ಲಿ 405 ಟನ್ ತೂಕದ ರೈಲನ್ನು ಮೇಲೆ ನಿಲ್ಲಿಸಿದಾಗ ಕಮಾನು ತಗ್ಗಿದ್ದು 8 ಮಿಲಿಮೀಟರ್ ಮಾತ್ರ. ಸಂಚಾರ ಶುರುವಾದದ್ದೂ ಆ ವರ್ಷವೇ. ಬ್ವಾಯೆ ಅದನ್ನು ನೋಡಲಿಲ್ಲ. 1886ರಲ್ಲಿ ಪನಾಮಾದಲ್ಲಿ ತೀರಿಕೊಂಡಿದ್ದರು.

ಚಿತ್ರದಲ್ಲಿ ಕಾಣುವ ನೀರು ನಂಬಿ ಎತ್ತರ ಅಂದಾಜು ಮಾಡಬೇಡಿ. ಕೆಳಗಡೆ ಗ್ರಾಂವಾಲ್ ಅಣೆಕಟ್ಟು ಬಂದ ಮೇಲೆ ಹಿನ್ನೀರು ಏರಿ ಸುಮಾರು 95 ಮೀಟರ್ ಅಷ್ಟೇ ಹೊರಗುಳಿದಿದೆ. ಕೆಂಪು ಬಣ್ಣವೂ 1990ರ ದಶಕದ್ದು. 2009ರಲ್ಲಿ ತಪಾಸಣೆಯಲ್ಲಿ ಬಿರುಕು ಸಿಕ್ಕಿ ರೈಲು ನಿಲ್ಲಿಸಿದ್ದರು; ಮತ್ತೆ ಬಿಟ್ಟಾಗ ವೇಗದ ಮಿತಿ ಗಂಟೆಗೆ 10 ಕಿಲೋಮೀಟರ್.